ಬೇರಿಗೆ ಕಪ್ಪು ಹಚ್ಚುವ ಬಾಲಮ್ಮ

ಕಕ್ಕೇರಾ ಊರ ಹೊರಗಿನ ಗದ್ದೆಯಲ್ಲಿ ಇನ್ನೂ ನಸುಗತ್ತಲು. ಒಡ್ಡಿನ ಜಾಲಿಮರದ ಬುಡದಲ್ಲಿ ಬೋಗಾಣಿ ಇಟ್ಟುಕೊಂಡು ಬಾಲಮ್ಮ ಕಾಲು ಚಾಚಿ ಕೂತಿದ್ದಾರೆ. ಪಾಕೀಟಿನ ಕರಿಪುಡಿಯನ್ನು ನೀರಿಗೆ ಸುರಿದು ಕೈಯಿಂದಲೇ ಕಲೆಸುತ್ತಾರೆ. ಪುಡಿಯಲ್ಲಿರುವುದು ಅಜೋಸ್ಪಿರಿಲಂ ಎಂಬ ಸೂಕ್ಷ್ಮಜೀವಿ. ಭತ್ತದ ಬೇರಿಗೆ ಅಂಟಿಕೊಂಡು, ಗಾಳಿಯ ಸಾರಜನಕ ಹಿಡಿದು ಪೈರಿಗೆ ಉಣಿಸುತ್ತದೆ. ಸಸಿಕಟ್ಟುಗಳ ಬೇರು ಅರ್ಧ ತಾಸು ಇದರಲ್ಲಿ ನೆನೆಯಬೇಕು, ಆಮೇಲೆ ನಾಟಿ.

"ಬಿಸಲು ಬಿದ್ರ ಸಾಯ್ತಾವಂತ್ರಿ ಅವು. ಅದಕ್ಕ ಬಿಸಲು ಏರೂದ್ರಾಗ ನೆಳ್ಳ ಹಿಡದು ಕುಂತೀನಿ," ಎಂದು ಆಕಳಿಸುತ್ತಾರೆ. "ನನಗೂ ನೆಳ್ಳ ಬೇಕಾಗೇದ."

ಈ ಸೀಮೆಗೆ ಕಾಲುವೆ ನೀರು ಬಂದಾಗಿನಿಂದ ಕೆಸರಿನಲ್ಲಿ ಬಗ್ಗಿಯೇ ಅವರ ಪ್ರಾಯ ಸವೆದಿದೆ. ಈಗ ಬಗ್ಗಿದ ನಡು ಏಳುವುದಿಲ್ಲ. ಗಂಡ ಅಂಬ್ರಪ್ಪನಿಗೆ ಉಬ್ಬಸ. ಒಲೆ ಉರಿಯಬೇಕಾದರೆ ಇವರ ಕೂಲಿಯೇ ಗತಿ. ಗದ್ದೆಯಲ್ಲಿ ಕೂತು ಮಾಡುವ ಕೆಲಸವೆಂದರೆ ಇದೊಂದೇ.

"ಏ ರಾಣಿ, ಕುಂತಲ್ಲೇ ಪಗಾರ ತಗೋತೀಯಲ್ಲ!" ನಾಟಿ ಗುಂಪಿನ ಮುಂದಾಳು ಶಂಕ್ರಮ್ಮ ಕೆಸರಿನಿಂದಲೇ ಛೇಡಿಸುತ್ತಾರೆ.

"ಬಾರವ್ವಾ, ನನ್ನ ನಡಾ ನೀ ತಗೊ, ನಿನ್ನ ನಡಾ ನನಗ ಕೊಡು."

ಆದರೆ ಆ ಕೂತ ಕೆಲಸಕ್ಕೇ ಈಗ ಕುತ್ತು ಬಂದಿದೆ. ಹೋದ ಹಂಗಾಮಿನಲ್ಲಿ ಅದ್ದಿದ ಸಸಿಗೂ ಅದ್ದದ ಸಸಿಗೂ ವ್ಯತ್ಯಾಸವೇ ಕಾಣಲಿಲ್ಲ. ಹೊಲದ ಮಾಲೀಕರಾದ ನಸೀರುದ್ದೀನ ಹೇಳಿಬಿಟ್ಟಿದ್ದಾರೆ: "ಏನ್ ಫರಕ್ ಆತು ಬಾಲಮ್ಮ? ಇದೊಂದು ಸಲ ನೋಡ್ತೀನಿ. ಇಲ್ಲಂದ್ರ ಬಂದ್."

ಬೆಳಕು ಹರಿಯುತ್ತದೆ. ನೆನೆದ ಕಟ್ಟುಗಳನ್ನು ಒಯ್ದ ಶಂಕ್ರಮ್ಮ ಕಾಲುವೆಯಲ್ಲಿ ಮುಳುಗಿಸಿ ಜಾಡಿಸುವುದು ಬಾಲಮ್ಮನ ಕಣ್ಣಿಗೆ ಬೀಳುತ್ತದೆ.

"ಏ ಶಂಕ್ರವ್ವಾ, ಏನ್ ಮಾಡಾಕತ್ತೀ?"

"ತೊಳಿಯಾಕತ್ತೇನಿ. ಸೀರಿಗೆ ಮಸಿ ಹತ್ತತದ. ಹ್ವಾದ ಸಲಾನೂ ತೊಳದ ಮ್ಯಾಲೇ ನಟ್ಟೀವಲ್ಲ."

ಮಡಿಯಿಂದ ಕಿತ್ತ ಸಸಿಯ ಮಣ್ಣು ತೊಳೆದೇ ನೆಡುವುದು ಇಲ್ಲಿನ ಹೆಂಗಸರ ಕೈಗೆ ಹತ್ತಿದ ರೂಢಿ. ಕರಿ ನೀರೂ ಅವರಿಗೆ ಮಣ್ಣೇ.

"ಅಯ್ಯ ನಿನ್ನ! ನಾ ಹಚ್ಚಿದ್ದೆಲ್ಲಾ ಕಾಲುವಿಗೆ ಕುಡಿಸೀದಿ!"

"ನಮಗ್ಯಾರು ಹೇಳ್ಯಾರ?"

ಬಾಲಮ್ಮನಿಗೆ ಆಗ ಹೊಳೆಯುತ್ತದೆ. ಹೌದಲ್ಲ, ಯಾರೂ ಹೇಳಿಲ್ಲ. ತಾವೂ ಹೇಳಿಲ್ಲ.

ಜಾಲಿಮರ ಹಿಡಿದು ಎದ್ದು, ತೊಟ್ಟಿಕ್ಕುವ ಕಟ್ಟುಗಳನ್ನು ತಾವೇ ತಲೆಗೇರಿಸುತ್ತಾರೆ. ಕಪ್ಪು ನೀರು ಹಣೆಯಿಂದ ಕುತ್ತಿಗೆಗೆ ಇಳಿಯುತ್ತದೆ. "ಕೊಡಿಲ್ಲೆ, ತೊಳಿಯಂಗಿಲ್ಲ, ಆಣಿ ಮಾಡ್ತೀನಿ," ಎಂದು ಶಂಕ್ರಮ್ಮ ಬೆನ್ನು ಹತ್ತಿದರೂ ಕೊಡುವುದಿಲ್ಲ. ಕೆಸರಿಗೂ ಒಡ್ಡಿಗೂ ಓಡಾಡಿ, ಮಧ್ಯಾಹ್ನದ ಹೊತ್ತಿಗೆ ಅಂಗಾತ ಬಿದ್ದುಕೊಂಡಿದ್ದಾರೆ.

ನಸೀರುದ್ದೀನ ಬಂದು ನಿಲ್ಲುತ್ತಾರೆ. "ಕುಂತು ಮಾಡೋ ಕೆಲಸಕ್ಕ ಇಷ್ಟ್ಯಾಕ ದಣದೀ?"

ನಡೆದದ್ದನ್ನು ಕೇಳಿ ನಕ್ಕುಬಿಡುತ್ತಾರೆ. "ಹಂಗಾರ ನಾಳಿಗಿ ಅವರೇ ಒಯ್ಲಿ, ನೀ ಕುಂದರು."

ಬಾಲಮ್ಮ ಕಣ್ಣು ತೆರೆಯದೆಯೇ ಹೇಳುತ್ತಾರೆ: "ಬ್ಯಾಡ್ರಿ ಸಾವ್ಕಾರ. ನಾಳಿಗೂ ನಾನೇ ಹೊರ್ತೀನಿ. ಈ ಬೆಳಿ ಒಂದು ಹಸರಾಗಿ ಫರಕ್ ಕಾಣ್ಲಿ. ಆಮ್ಯಾಲೆ ಕುಂದರ್ತೀನಿ."