ಬೂಟಿನ ದಾರ ಕಟ್ಟುವಷ್ಟು ಹೊತ್ತು

ಹಸಿ ನೂಲು, ಬಣ್ಣದ ಹಬೆ, ಅವೆರಡರ ಹಿಂದೆ ಸುಟ್ಟ ಕಲ್ಲಿದ್ದಲಿನ ಘಾಟು. ಪೀಪಿ ಮಾವನ ಪಾಲಿಗೆ ಬಾಲ್ಯವೆಂದರೆ ಈ ವಾಸನೆ. ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ ಅಮ್ಮ ಸಂಜೆಯ ರೈಲು ಹಿಡಿದು ಮನೆಗೆ ಬಂದು ತಲೆ ಸವರಿದರೆ, ಅವಳ ಅಂಗೈಯಿಂದ ಬರುತ್ತಿದ್ದದ್ದು. ಗಿರಣಿ ಮುಚ್ಚಿ ಇಪ್ಪತ್ತೆರಡು ವರ್ಷವಾಗಿದೆ. ಆದರೂ ಇಬ್ಬನಿ ಬಿದ್ದ ಬೆಳಗುಗಳಲ್ಲಿ ನಿಲ್ದಾಣದ ಹಿಂದಿನ ಪಾಳು ಗೋಡೆಗಳು ಅದನ್ನು ಇಷ್ಟಿಷ್ಟೇ ಬಿಟ್ಟುಕೊಡುತ್ತವೆ ಎನ್ನುತ್ತಾರೆ ಅವರು. ಹೆಂಡತಿ ಇದನ್ನು ನಂಬುವುದಿಲ್ಲ.

ಬೆಳಗಿನ ಐದಕ್ಕೆ ಇನ್ನೂ ಐದು ನಿಮಿಷ. ಪ್ಲಾಟ್‌ಫಾರಂ ನಡುವಿನ ಕಬ್ಬಿಣದ ಕಂಬದ ಬಳಿ ಪೀಪಿ ಮಾವ ನಿಂತಿದ್ದಾರೆ. ಕಂಕುಳಲ್ಲಿ ಸುತ್ತಿಟ್ಟ ಹಸಿರು ಬಾವುಟ, ಕೊರಳಲ್ಲಿ ಸೀಟಿ. ಈ ಸೀಟಿಯಿಂದಲೇ ಮಕ್ಕಳು ಅವರಿಗೆ ಪೀಪಿ ಮಾವ ಎಂದು ಹೆಸರಿಟ್ಟದ್ದು. ಈಗ ಸ್ಟೇಷನ್ ಮಾಸ್ತರರೂ ಹಾಗೆಯೇ ಕರೆಯುತ್ತಾರೆ. ಮೊದಲ ಲೋಕಲ್ ಬಂದು ನಿಲ್ಲುತ್ತದೆ. ಅವರು ಎಡಕ್ಕೆ ನೋಡುತ್ತಾರೆ, ಬಲಕ್ಕೆ ನೋಡುತ್ತಾರೆ, ಮೇಲ್ಸೇತುವೆಯ ಮೆಟ್ಟಿಲನ್ನೊಮ್ಮೆ ನೋಡುತ್ತಾರೆ. ಆಮೇಲೆ ಸೀಟಿ, ಆಮೇಲೆ ಬಾವುಟ.

ಅವರ ಕೆಲಸವನ್ನು ಹುಟ್ಟಿಸಿದ್ದು ಒಂದು ತಿರುವು. ಹಳಿ ಹಾಕುವ ಕಾಲದಲ್ಲಿ ಗಿರಣಿಯ ದೊಡ್ಡ ನೀರಿನ ತೊಟ್ಟಿ ಅಡ್ಡ ಬಂತಂತೆ. ತೊಟ್ಟಿ ಒಡೆಯಲು ಮಾಲೀಕರು ಒಪ್ಪಲಿಲ್ಲ, ಹಳಿಯೇ ಬಾಗಿತು. ಇಂದು ತೊಟ್ಟಿಯಿಲ್ಲ, ಮಾಲೀಕರಿಲ್ಲ. ಬಾಗಿದ ಹಳಿ ಮಾತ್ರ ಹಾಗೇ ಇದೆ. ಎಂಟು ಬೋಗಿಗಳ ರೈಲು ನಿಂತರೆ ಕೊನೆಯ ಬೋಗಿಯ ಗಾರ್ಡಿಗೆ ಮುಂದಿನ ನಾಲ್ಕು ಕಾಣುವುದೇ ಇಲ್ಲ. ನಡುವಿನ ಕಂಬದ ಬಳಿ ನಿಂತವರಿಗೆ ಮಾತ್ರ ಎರಡು ತುದಿಯೂ ಕಾಣುತ್ತದೆ. "ಗಾರ್ಡಿಗೆ ನಾನೇ ಕಣ್ಣು," ಎನ್ನುತ್ತಾರೆ ಪೀಪಿ ಮಾವ. "ಬೇರೆ ಏನೂ ಇಲ್ಲ. ಮೂವತ್ತೇಳು ವರ್ಷ ಬರೀ ನೋಡಿದ್ದೀನಿ."

ಒಂದು ಕಾಲಕ್ಕೆ ದಿನಕ್ಕೆ ಅರವತ್ತನಾಲ್ಕು ರೈಲುಗಳು ಇಲ್ಲಿ ನಿಲ್ಲುತ್ತಿದ್ದವು. ಟಿಕೆಟ್ಟಿಗೆ ಮೂರು ಕಿಟಕಿ, ಪಾರ್ಸೆಲ್ ಕೋಣೆ, ಹೆಂಗಸರಿಗೆ ಬೇರೆಯೇ ತಂಗುಕೋಣೆ, ಅದರಲ್ಲಿ ಮಗುವಿಗೆ ಹಾಲು ಬಿಸಿಮಾಡಿಕೊಡುವ ಒಬ್ಬ ಅಜ್ಜಿ. ಈಗ ನಿಲ್ಲುವುದು ಇಪ್ಪತ್ತೆರಡು. ಎರಡು ಕಿಟಕಿಗೆ ಹಲಗೆ ಬಡಿದಿದೆ. ತಂಗುಕೋಣೆಯ ಬೀಗಕ್ಕೆ ಹಿಡಿದ ತುಕ್ಕು ಬಾಗಿಲಿಗೂ ಇಳಿದಿದೆ.

ಗಿರಣಿಯ ದಿನಗಳಲ್ಲಿ ಪಾಳಿ ಬಿಡುತ್ತಿದ್ದದ್ದು ಆರಕ್ಕೆ, ರೈಲು ಹೊರಡುತ್ತಿದ್ದದ್ದು ಆರು ನಾಲ್ಕಕ್ಕೆ. ನಾಲ್ಕು ನಿಮಿಷದಲ್ಲಿ ಕೈ ತೊಳೆದು, ಗೇಟು ದಾಟಿ, ಮೇಲ್ಸೇತುವೆಯ ನಲವತ್ತೊಂದು ಮೆಟ್ಟಿಲು ಹತ್ತಿ ಇಳಿಯಬೇಕು. ಹೆಂಗಸರು ಎದ್ದೆವೋ ಬಿದ್ದೆವೋ ಎಂದು ಓಡಿ ಬರುವುದನ್ನು ಕಂಡ ಕೂಡಲೇ ಆಗಿನ ಬಾವುಟದ ಮುದುಕ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳಲು ಶುರುಮಾಡುತ್ತಿದ್ದ. ಕೊನೆಯವಳು ಹತ್ತುವವರೆಗೂ ಆ ಗಂಟು ಬೀಳುತ್ತಿರಲಿಲ್ಲ. "ಇವತ್ತೂ ಮುದುಕನ ದಾರ ಬಿಚ್ಚಿಹೋಗಿತ್ತು ಕಣೋ," ಎಂದು ಅಮ್ಮ ಮನೆಗೆ ಬಂದು ನಗುತ್ತಿದ್ದಳು. ಆ ಕೆಲಸಕ್ಕೆ ತಾನು ಸೇರಿದಾಗ ಪೀಪಿ ಮಾವ ಮೊದಲು ಕೊಂಡದ್ದು ಉದ್ದ ದಾರದ ಬೂಟು.

"ನನಗೋಸ್ಕರ ಒಂದು ದಿನ ಒಂದು ನಿಮಿಷ ಕಾದವರಲ್ಲ ಈ ಮಹಾರಾಯರು," ಎಂದು ಹೆಂಡತಿ ಮೂದಲಿಸುತ್ತಾರೆ. "ಊರೋರಿಗೆಲ್ಲ ದಾರ ಕಟ್ಟಿದ್ದೇ ಕಟ್ಟಿದ್ದು."

ನಾಲ್ಕು ವರ್ಷದ ಹಿಂದೆ ಒಂದು ಮೆಮೊ ಬಂತು. ನಲವತ್ತು ಸೆಕೆಂಡು ಅನಗತ್ಯ ವಿಳಂಬ, ಮರುಕಳಿಸಿದರೆ ಅಮಾನತು. ಅದೇ ಸಂಜೆ ಪೀಪಿ ಮಾವ ದಾರವಿಲ್ಲದ ಬೂಟು ಕೊಂಡರು. ಹನ್ನೊಂದು ದಿನ ಗಡಿಯಾರ ಹೇಳಿದಂತೆ ಬಾವುಟ ಎತ್ತಿದರು.

ಹನ್ನೆರಡನೆಯ ದಿನ, ಬೆಳಗಿನ ಏಳೂ ಹತ್ತರ ರೈಲು. ಅಂಗಿಗಳಿಗೆ ಗುಂಡಿ, ಕಾಜಾ ಹೊಲಿಯುವ ಒಬ್ಬಾಕೆ ಮೇಲ್ಸೇತುವೆ ಇಳಿಯುತ್ತಿದ್ದಳು. ಕೊನೆಯ ಹತ್ತು ಮೆಟ್ಟಿಲು ಉಳಿದಿದ್ದವು. ಸೀಟಿ ಕೇಳಿ ಓಡಿದಳು, ಚಲಿಸುವ ಬೋಗಿಯ ಸರಳು ಹಿಡಿದಳು, ಜಾರಿದಳು. ಎಡಪಾದ ಹೋಯಿತು.

"ನೋಡಿದ್ದೆ," ಎನ್ನುತ್ತಾರೆ ಪೀಪಿ ಮಾವ. ಬಾವುಟದ ಅಂಚನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. "ಕಾಣಲಿಲ್ಲ ಅಂತ ಆಗಿದ್ದರೆ ಹೇಗೋ ತಡ್ಕೋತಿದ್ದೆ. ಆಯಮ್ಮನ್ನ ನೋಡಿಯೇ ಎತ್ತಿದೆ."

ವಿಚಾರಣೆ ನಡೆಯಿತು. ಬಂದ ಕಾಗದದಲ್ಲಿ 'ನಿಯಮದಂತೆ ನಡೆದುಕೊಂಡಿದ್ದಾರೆ, ತಪ್ಪಿಲ್ಲ' ಎಂದಿತ್ತು. ಮೆಮೊ ಮತ್ತು ಆ ಕಾಗದ ಎರಡೂ ಮನೆಯ ಒಂದೇ ತಗಡಿನ ಪೆಟ್ಟಿಗೆಯಲ್ಲಿವೆ. ಕಾದದ್ದಕ್ಕೆ ಒಂದು, ಕಾಯದಿದ್ದದ್ದಕ್ಕೆ ಒಂದು.

ಆಸ್ಪತ್ರೆಗೆ ಅವರು ಮೂರು ಸಲ ಹೋದರು. ಮೂರು ಸಲವೂ ವಾರ್ಡಿನ ಬಾಗಿಲಿಂದ ಹಿಂದಿರುಗಿದರು. ಕೊನೆಗೆ ಹೆಂಡತಿಯೇ ಊಟದ ಡಬ್ಬಿ ಹಿಡಿದು ಹೋಗಿ, ಯಾರೆಂದು ಹೇಳದೆ ಹಾಸಿಗೆಯ ಪಕ್ಕದಲ್ಲಿಟ್ಟು ಬಂದರು. "ಮುಚ್ಚಳ ನೆಗ್ಗಿದ ಹಳೇ ಡಬ್ಬಿ, ಅಲ್ಲೇ ಉಳೀತು," ಎನ್ನುತ್ತಾರೆ ಆಕೆ. "ಯಾವ ಮುಖ ಇಟ್ಕೊಂಡು ಕೇಳಲಿ? ಅದರ ಮೇಲೆ ಇವರ ಹೆಸರು ಬೇರೆ ಕೊರೆಸಿದ್ದೆ. ಓದಿರ್ತಾಳೆ."

ಏಳು ತಿಂಗಳ ನಂತರ ಆಕೆ ಊರುಗೋಲಿನೊಂದಿಗೆ ಅದೇ ರೈಲಿಗೆ ಬಂದಳು. ಅಂದಿನಿಂದ ದಿನವೂ ಅರ್ಧ ಗಂಟೆ ಮೊದಲೇ ಬರುತ್ತಾಳೆ, ಕಂಬದಿಂದ ಮೂರನೆಯ ಬೆಂಚಿನಲ್ಲಿ ಕೂರುತ್ತಾಳೆ. ಪೀಪಿ ಮಾವನ ಕಡೆ ತಿರುಗಿಯೂ ನೋಡುವುದಿಲ್ಲ. ಬೆಂಚಿನ ಮೇಲಿನ ಇಬ್ಬನಿಯನ್ನು ದಿನವೂ ಯಾರೋ ಒರೆಸಿರುತ್ತಾರೆ. ಯಾರೆಂದು ಆಕೆ ಕೇಳಿಲ್ಲ, ಅವರು ಹೇಳಿಲ್ಲ.

ಈಗ ಕಂಬಕ್ಕೆ ನಾಲ್ಕು ಕ್ಯಾಮೆರಾ ಬಂದಿವೆ. ಗಾರ್ಡಿನ ಮುಂದೆ ಪುಟ್ಟ ಪರದೆ, ಎಂಟೂ ಬೋಗಿ ಅದರೊಳಗೆ. ತಿಂಗಳ ಕೊನೆಗೆ ಈ ಹುದ್ದೆಯೇ ಇಲ್ಲ.

"ಮಾವ, ಮುಂದಿನ ತಿಂಗಳಿಂದ ಯಾರಿಗೆ ಊದ್ತೀರಿ ಪೀಪಿ?" ಎಂದು ಬಾಗಿಲಲ್ಲಿ ನಿಂತ ಹುಡುಗಿಯೊಬ್ಬಳು ರೇಗಿಸುತ್ತಾಳೆ.

"ನಿಮ್ಮತ್ತೆಗೆ. ಅವಳು ಕೆಂಪು ಬಿಟ್ಟು ಬೇರೆ ಬಾವುಟ ತೋರಿಸೋದೇ ಇಲ್ಲ."

ಬೋಗಿಯಲ್ಲಿ ನಗು ಏಳುತ್ತದೆ. ರೈಲು ಹೋದ ಮೇಲೆ ಅವರ ಮುಖದಲ್ಲಿ ಅದರ ಸುಳಿವೂ ಉಳಿಯುವುದಿಲ್ಲ. ಕೊನೆಯ ದಿನ ಏನಾದರೂ ಆಸೆಯಿದೆಯೇ ಎಂದರೆ ಮೂರನೆಯ ಬೆಂಚಿನ ಕಡೆ ಕೈ ತೋರಿಸುತ್ತಾರೆ. "ಹಾರ, ಶಾಲು ಯಾವುದೂ ಬೇಡ. ಆಯಮ್ಮ ಒಂದು ಸಲ ಬಾಯ್ತುಂಬ ಬೈದುಬಿಡಲಿ. ನಾಲ್ಕು ವರ್ಷ ಆಯ್ತು. ಬೈಗುಳಕ್ಕೂ ನಾನು ಲಾಯಕ್ಕಿಲ್ಲವಾ?"

ಆ ಕೊನೆಯ ದಿನ ಬಂದಿದೆ. ಏಳಕ್ಕೆ ಬೆಂಚು ಖಾಲಿ, ಏಳೂ ಐದಕ್ಕೂ ಖಾಲಿ. ಊರುಗೋಲು ಹಿಡಿದ ಮೇಲೆ ಆಕೆ ತಡವಾದದ್ದು ಇದೇ ಮೊದಲು. ಏಳೂ ಹತ್ತರ ರೈಲು ಬಂದು ನಿಂತಾಗ ಮೇಲ್ಸೇತುವೆಯ ತುದಿಯಲ್ಲಿ ಊರುಗೋಲಿನ ಸದ್ದು ಕೇಳುತ್ತದೆ. ಒಂದು ಮೆಟ್ಟಿಲು, ನಿಲುಗಡೆ, ಇನ್ನೊಂದು ಮೆಟ್ಟಿಲು. ಗಾರ್ಡ್ ಕತ್ತು ಚಾಚಿ ನೋಡುತ್ತಾನೆ. ಕಂಬದ ಮೇಲಿನ ನಾಲ್ಕು ಕಣ್ಣುಗಳೂ ನೋಡುತ್ತಿವೆ.

ಪೀಪಿ ಮಾವ ಇಂದು ಹಳೆಯ ಬೂಟು ಹಾಕಿಕೊಂಡು ಬಂದಿದ್ದಾರೆ. ಬಾವುಟವನ್ನು ಕಂಕುಳಿಗೆ ಸಿಕ್ಕಿಸಿ, ಕಂಬ ಹಿಡಿದು ಮೆಲ್ಲನೆ ಬಗ್ಗುತ್ತಾರೆ. ದಾರ ಬಿಚ್ಚುತ್ತಾರೆ. ಕಟ್ಟುತ್ತಾರೆ. ಮತ್ತೆ ಬಿಚ್ಚುತ್ತಾರೆ. ಈ ಸಲ ಗಂಟು ನಿಜವಾಗಿಯೂ ಕೂರುವುದಿಲ್ಲ.

ಅವರ ಬೂಟಿನ ಮುಂದೆ ಊರುಗೋಲಿನ ರಬ್ಬರು ತುದಿ ಬಂದು ನಿಲ್ಲುತ್ತದೆ. ತಲೆಯೆತ್ತುತ್ತಾರೆ. ಆಕೆ ಬೈಯುವುದಿಲ್ಲ. ಹೆಗಲ ಚೀಲದಿಂದ ಮುಚ್ಚಳ ನೆಗ್ಗಿದ ಡಬ್ಬಿಯೊಂದನ್ನು ತೆಗೆದು, ಕೆಳಗಿದ್ದ ಅವರ ಎರಡು ಕೈಗಳೊಳಗೆ ಇಟ್ಟು, ರೈಲು ಹತ್ತುತ್ತಾಳೆ. ಡಬ್ಬಿ ಭಾರವಾಗಿದೆ, ಇನ್ನೂ ಬಿಸಿಯಾಗಿದೆ.