ಅಕ್ಕನ ಹುಲ್ಲಿನ ಗಾಡಿ

ರಿಪ್ಪನ್‌ಪೇಟೆಯಿಂದ ಹೊಸನಗರಕ್ಕೆ ಹೋಗುವ ರಸ್ತೆಯಲ್ಲಿ ನನ್ನ ಅಕ್ಕ ಮತ್ತು ಭಾವ ಮದುವೆ ಛತ್ರ ನಡೆಸುತ್ತಾರೆ. ಕೆಲಸದಿಂದ ನಿವೃತ್ತಳಾದ ಮೇಲೆ ನಾನೂ ಅವರ ಜೊತೆಗಿದ್ದೇನೆ. ಈಗ ಎಲ್ಲರಿಗೂ ಆರತಕ್ಷತೆ ಹೊರಗೇ ಆಗಬೇಕು. ಹಾಗಾಗಿ ಛತ್ರದ ಹಿಂದೆ ದೊಡ್ಡ ಹುಲ್ಲುಹಾಸು ಮಾಡಿಸಿದರು. ಅಕ್ಕನಿಗೆ ಮಂಡಿನೋವು, ಹುಲ್ಲು ಕತ್ತರಿಸುವ ಮಷಿನ್ ತಳ್ಳಿಕೊಂಡು ನಡೆಯಲು ಆಗುವುದಿಲ್ಲ. ತೀರ್ಥಹಳ್ಳಿ ಹತ್ತಿರ ಒಂದು ರೆಸಾರ್ಟ್ ಮುಚ್ಚಿದಾಗ, ಕೂತು ಓಡಿಸುವ ಹುಲ್ಲಿನ ಗಾಡಿ ಮಾರುತ್ತಾರೆ ಅಂತ ತಿಳಿದು, ಭಾವ ಬೇಡವೆಂದರೂ ತಂದಳು. ಸ್ಕೂಟರ್ ಸಹ ಓಡಿಸದವಳು ಚೂಡಿದಾರದ ಮೇಲೆ ಭಾವನ ಹಳೇ ಶರಟು ಹಾಕಿಕೊಂಡು ಗಾಡಿ ಹತ್ತಿದರೆ, ಊಟಕ್ಕೆ ಕರೆದರೂ ಇಳಿಯುತ್ತಿರಲಿಲ್ಲ.

ಮಳೆಗಾಲ ಪೂರ್ತಿ ಗಾಡಿ ಶೆಡ್ಡಿನಲ್ಲೇ ಇತ್ತು. ದೀಪಾವಳಿ ಕಳೆದು ಮೊದಲ ಮದುವೆ ಹತ್ತಿರ ಬಂದಾಗ ಹೊರಗೆ ತೆಗೆದೆವು. ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಚೋಕ್ ಎಳೆದು ತುಂಬಾ ಹೊತ್ತು ಹೆಣಗಿದ ಮೇಲೆ ಹೊಗೆಯುಗುಳುತ್ತಾ ಸ್ಟಾರ್ಟ್ ಆಯಿತು. ಗಾಡಿಯ ಅಡಿಯ ಬ್ಲೇಡ್ ಮಾತ್ರ ಸೋಮಾರಿಯಂತೆ ತಿರುಗುತ್ತಿತ್ತು. ಗಾಡಿ ಹೋದ ಕಡೆ ಹುಲ್ಲು ಅಡ್ಡಬಿದ್ದು ಮತ್ತೆ ಎದ್ದು ನಿಲ್ಲುತ್ತಿತ್ತು.

"ಇದು ಹುಲ್ಲು ಕೊಯ್ತಾ ಇಲ್ಲ ಕಣೇ, ತಲೆ ಸವರ್ತಾ ಇದೆ" ಅಂದಳು ಅಕ್ಕ.

"ಇಂಜಿನ್ ಹೋಗಿದೆ. ಸ್ಟಾರ್ಟ್ ಆಗದೇ ಇರೋದಕ್ಕೂ ಬ್ಲೇಡ್ ಸುತ್ತದೇ ಇರೋದಕ್ಕೂ ಅದೇ ಕಾರಣ. ಯಾರಿಗಾದ್ರೂ ಕೊಟ್ಟುಬಿಡೋಣ" ಅಂದರು ಭಾವ.

ಅಕ್ಕ ಗಾಡಿಯಿಂದ ಇಳಿದು ಮಂಡಿ ಹಿಡಿದುಕೊಂಡು ಒಳಗೆ ಹೋದಳು. ಮಧ್ಯಾಹ್ನ ಸರಿಯಾಗಿ ಊಟವನ್ನೂ ಮಾಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದೆ. ಪೆಟ್ರೋಲ್ ವಾಸನೆಯೇ ಅಲ್ಲ, ಹಳೇ ಪೇಂಟಿನ ಥರ. ಮಳೆಗೆ ಮುಂಚೆ ಹಾಕಿದ್ದು ಅಲ್ಲೇ ಕೂತು ಕೆಟ್ಟಿತ್ತು. ಎಲ್ಲವನ್ನೂ ಕ್ಯಾನಿಗೆ ಇಳಿಸಿ, ಇಂಜಿನ್ನಿಗೆ ಪೆಟ್ರೋಲ್ ಕೊಡುವ ಕಾರ್ಬೋರೇಟರಿನ ಬಟ್ಟಲು ಬಿಚ್ಚಿ ಅದರೊಳಗಿನ ಅಂಟನ್ನು ಒರೆಸಿದೆ. ಹೊಸ ಸ್ಪಾರ್ಕ್ ಪ್ಲಗ್ ಕೂರಿಸಿ ಹೊಸ ಪೆಟ್ರೋಲ್ ಹಾಕಿದೆ. ಕೀ ತಿರುಗಿಸಿದ ಕೂಡಲೇ ಇಂಜಿನ್ ಹಿಡಿಯಿತು. ಸದ್ದು ಕೇಳಿ ಅಕ್ಕ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದಳು.

ಆದರೆ ಬ್ಲೇಡ್ ಇನ್ನೂ ಹಾಗೇ ಇತ್ತು. ಬ್ಲೇಡ್ ತಿರುಗಿಸುವ ಬೆಲ್ಟ್ ಸವೆದಿರಬೇಕು ಅಂತ ಈ ಸಲ ಭಾವನೇ ಸಾಗರಕ್ಕೆ ಹೋಗಿ ಹೊಸ ಬೆಲ್ಟ್ ತಂದರು. ಹಾಕಿ ನೋಡಿದರೆ ಏನೂ ವ್ಯತ್ಯಾಸವಿಲ್ಲ. ಭಾವನ ಮುಖ ನೋಡಲಾಗುತ್ತಿರಲಿಲ್ಲ.

ಇಂಜಿನ್ ಆರಿಸಿ, ಪ್ಲಗ್ಗಿನ ವೈರ್ ಕಿತ್ತಿಟ್ಟು, ಗಾಡಿಯ ಮುಂಭಾಗವನ್ನು ಎತ್ತಿ ಕೆಳಗೆ ಮರದ ದಿಮ್ಮಿ ಕೊಟ್ಟೆವು. ದಪ್ಪ ಗ್ಲೌಸ್ ಹಾಕಿಕೊಂಡು ಬೆಲ್ಟ್ ಸಡಿಲಿಸಿ ಎರಡೂ ಬ್ಲೇಡನ್ನು ಕೈಯಿಂದ ತಿರುಗಿಸಿದೆ. ಒಂದು ಸಲೀಸಾಗಿ ತಿರುಗಿತು. ಇನ್ನೊಂದು ಅಲುಗಾಡಲೊಲ್ಲದು. ಎರಡಕ್ಕೂ ಒಂದೇ ಬೆಲ್ಟ್ ಆದ್ದರಿಂದ ಅದು ಎರಡನ್ನೂ ತಡೆಯುತ್ತಿತ್ತು. ಬ್ಲೇಡ್ ಬಿಚ್ಚಿದರೆ ಅದರ ಶಾಫ್ಟಿನ ಸುತ್ತ ಹೂಮಾಲೆಯ ನೈಲಾನ್ ದಾರ! ಬೇಸಿಗೆಯ ಮದುವೆಗಳಲ್ಲಿ ಕಿತ್ತು ಬಿಸಾಡಿದ್ದು. ಬಿಸಿಗೆ ಕರಗಿ, ಹುಲ್ಲಿನ ಜೊತೆ ಸೇರಿ ಗಟ್ಟಿಯಾಗಿತ್ತು. ಭಾವ ಪಕ್ಕದಲ್ಲಿ ಕೂತು ಚಾಕುವಿನಿಂದ ಎಳೆಎಳೆಯಾಗಿ ಬಿಡಿಸಿದರು. ಒಳಗಿನ ಬೇರಿಂಗೂ ಹಿಡಿದುಹೋಗಿತ್ತು. ಅದೇ ಅಳತೆಯದು ರಿಪ್ಪನ್‌ಪೇಟೆಯ ಬೈಕ್ ಸಾಮಾನಿನ ಅಂಗಡಿಯಲ್ಲೇ ಸಿಕ್ಕಿತು.

ಮರುದಿನ ಬೆಳಿಗ್ಗೆ ಅಕ್ಕ ಗಾಡಿ ಹತ್ತಿದಳು. ಹುಲ್ಲು ಸರಸರ ತುಂಡಾಗಿ ಪಕ್ಕಕ್ಕೆ ಹಾರಿತು. ಭಾವ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, "ಆ ಮೂಲೆ ಬಿಟ್ಟೆ ನೋಡು" ಅಂತ ಕೂಗುತ್ತಿದ್ದರು. ಅಕ್ಕ ಗಾಡಿಯನ್ನು ಎದುರಿನ ಮೂಲೆಗೆ ತಿರುಗಿಸಿದಳು.

ಈಗ ಪ್ರತಿ ಮದುವೆಯ ಮರುದಿನ ಭಾವ ಬಕೆಟ್ ಹಿಡಿದು ಹುಲ್ಲಿನಲ್ಲಿ ಬಗ್ಗಿ ದಾರ ಹೆಕ್ಕುತ್ತಾರೆ. ಅವರು ಮುಗಿಸಿ ಕೈ ಬೀಸಿದ ಮೇಲೆ ಅಕ್ಕ ಕೀ ತಿರುಗಿಸುತ್ತಾಳೆ.