ಮುನಿಸಿನ ಮಾವಂದಿರ ಕೆಂಪು

ಶಿರಾ ಬಸ್‌ಸ್ಟ್ಯಾಂಡ್ ಹಿಂದಿನ ಸಾಬೀರಾಳ ಡಿಟಿಪಿ ಅಂಗಡಿಗೆ ಬಂದವರಲ್ಲಿ ಬಣ್ಣದ ಹೆಸರನ್ನು ನೆಟ್ಟಗೆ ಹೇಳಿದವರು ಒಬ್ಬರಿದ್ದರೆ ತೋರಿಸಿ! "ಹೋದ್ಸಲ ಹಾಕಿದ್ರಲ್ಲ, ಆ ಕೆಂಪು" ಎನ್ನುವವರೇ ಎಲ್ಲ. ಸಾಬೀರಾ ಹಳೇ ಫೈಲು ತೆರೆದು, ಆ ಅಕ್ಷರ ಕ್ಲಿಕ್ಕಿಸಿ, ಬಣ್ಣದ ನಂಬರು ಹಿಡಿದು, ಅದಕ್ಕೊಂದು ಸ್ಟೈಲ್ ಮಾಡಿಡುತ್ತಿದ್ದಳು. ಮತ್ತೆ ಬೇಕಾದಾಗ ಒಂದು ಒತ್ತು ಸಾಕು; ಸ್ಟೈಲಿನ ಬಣ್ಣ ಬದಲಿಸಿದರೆ ಅದನ್ನು ತೊಟ್ಟ ಅಕ್ಷರಗಳೆಲ್ಲ ಒಟ್ಟಿಗೇ ಬದಲಾಗುತ್ತಿದ್ದವು. ಸ್ಟೈಲಿಗೆ ಇಡುವ ಹೆಸರು ಮಾತ್ರ ಗಿರಾಕಿಯ ಗುಣ ನೋಡಿ: 'ಗೊಣಗು ಮೇಷ್ಟ್ರ ನೀಲಿ', 'ಚೌಕಾಸಿ ಅಕ್ಕನ ಹಸಿರು'. ಯಾರಾದರೂ ಪರದೆಯತ್ತ ಬಗ್ಗಿದರೆ ಆ ಹೆಸರುಗಳನ್ನು ಥಟ್ಟನೆ ಮುಚ್ಚಿಬಿಡುತ್ತಿದ್ದಳು, ಕಿಲಾಡಿ.

ಮದಲೂರಿನ ರಾಮಾಂಜಿನಮ್ಮ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಾಗ ಮುಖ ಬಾಡಿತ್ತು. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಅಂತಾರಲ್ಲ, ಅವಳ ಅಣ್ಣಂದಿರು ಹಾಗೆಯೇ. ದೊಡ್ಡರಂಗಪ್ಪ, ಚಿಕ್ಕನರಸಯ್ಯ ಇಬ್ಬರೂ ಬದುವಿನ ಹುಣಸೆಮರಕ್ಕಾಗಿ ಮಾತು ಬಿಟ್ಟವರು. ಹೆಣ್ಣನ್ನು ಹಸೆಗೆ ಕರೆತರಬೇಕಾದ ಸೋದರಮಾವಂದಿರೂ ಅವರೇ. "ಅವನ ಬಣ್ಣ ನನ್ನೆಸ್ರಿಗೆ ಹಾಕ್ಸಿದ್ರೆ ಮದ್ವೇಗೇ ಬರಕಿಲ್ಲ" ಎಂದು ಇಬ್ಬರದೂ ಹಟ. ತಮ್ಮ ತಮ್ಮ ಗೃಹಪ್ರವೇಶದ ಕಾರ್ಡು ಕೊಟ್ಟು, ಅದೇ ಕೆಂಪು ಬೇಕೆಂದು ಹೇಳಿ ಕಳಿಸಿದ್ದರು.

ಎರಡೂ ಸಾಬೀರಾಳೇ ಮಾಡಿದ್ದ ಕಾರ್ಡುಗಳು. ಫೈಲು ತೆರೆದು ನಂಬರು ನೋಡಿದಳು. ಯಾ ಅಲ್ಲಾ! ಒಂದೇ ಕೆಂಪು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಿದ್ದು ಬಿದ್ದು ನಕ್ಕಳು. 'ಮುನಿಸಿನ ಮಾವಂದಿರ ಕೆಂಪು' ಎಂದು ಒಂದೇ ಸ್ಟೈಲ್ ಮಾಡಿ, ಇಬ್ಬರ ಹೆಸರಿಗೂ ತೊಡಿಸಿ, ತೆಪ್ಪಗೆ ಕೂತಳು.

ಪ್ರಿಂಟಿಗೆ ಹೋಗುವ ಮುಂಚೆ ಕಣ್ಣಾರೆ ನೋಡಲು ದೊಡ್ಡರಂಗಪ್ಪ ತಂಗಿಯ ಜೊತೆ ಬಂದ. ಪರದೆಗೆ ಮೂಗು ತಾಗಿಸಿದ.

"ಇದು ಕಣಮ್ಮ ನನ್ ಕೆಂಪು! ಅವಂದು ನೋಡು, ಅದೂ ಒಂದ್ ಕೆಂಪಾ? ಥೂ, ಸಪ್ಪೆ!"

ಸಾಬೀರಾ ತುಟಿ ಕಚ್ಚಿಕೊಂಡಳು.

"ನಂದು ಇನ್ನೊಂಚೂರು ದಟ್ಟ ಮಾಡು."

ಅವಳು ಸ್ಟೈಲಿನ ಬಣ್ಣ ಬದಲಿಸಿದಳು. ಎರಡು ಹೆಸರೂ ಒಟ್ಟಿಗೆ ದಟ್ಟವಾದವು.

"ಅಯ್ಯೋ, ಅವಂದ್ಯಾಕೆ ಬದ್ಲಾಯ್ತು?"

"ನೀವಿಬ್ರೂ ಕಳ್ಸಿದ್ದು ಒಂದೇ ಕೆಂಪು, ಯಜಮಾನ್ರೇ. ಅದಕ್ಕೇ ಒಟ್ಟಿಗೆ ಕಟ್ಟಿದೀನಿ."

ದೊಡ್ಡರಂಗಪ್ಪನ ಮೀಸೆ ಕುಣಿಯಿತು. "ಅಂಗಾ? ಅವಂದು ಬಿಳೀ ಮಾಡ್ಬುಡು. ಕಾಣಲೇಬಾರ್ದು!"

ಇಬ್ಬರನ್ನು ಬೇರೆ ಮಾಡಲು ಸಾಬೀರಾಳಿಗೆ ಚಿಟಿಕೆ ಹೊಡೆಯುವಷ್ಟು ಹೊತ್ತು ಸಾಕಿತ್ತು. ಮಾಡಿದಳೇ? ಇಲ್ಲ. ಇಡೀ ಸ್ಟೈಲನ್ನೇ ಬಿಳಿ ಮಾಡಿದಳು. 'ಸೋದರಮಾವಂದಿರು' ಎಂಬ ತಲೆಬರಹದ ಕೆಳಗೆ ಈಗ ಬರೀ ಬಯಲು.

"ಲೇ! ನನ್ನೆಸ್ರೆಲ್ಲೋಯ್ತಮ್ಮ?"

"ತಮ್ಮನ ಜೊತೇಲಿ ಹೋಯ್ತು."

ರಾಮಾಂಜಿನಮ್ಮ ತಡೆಯಲಾರದೆ ಅತ್ತುಬಿಟ್ಟಳು. "ಅಣ್ಣಯ್ಯ, ಇಬ್ರೂ ಇಂಗೆ ಇಲ್ದಂಗಾದ್ರೆ ಮಗೀನ ಹಸೇಗೆ ಯಾರು ಕರ್ಕಂಬರ್ತಾರೆ?"

ದೊಡ್ಡರಂಗಪ್ಪ ಆ ಖಾಲಿ ಜಾಗವನ್ನೇ ನೋಡುತ್ತ ನಿಂತ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ತಂಗಿಯ ಕಡೆ ತಿರುಗಲು ಅವನಿಗೆ ನಾಚಿಕೆಯಾಯಿತು.

"ವಾಪಸ್ ತರಮ್ಮ," ಅಂದ, ಮೆಲ್ಲಗೆ.

"ಯಾರನ್ನ, ಯಜಮಾನ್ರೇ?"

"ಇಬ್ರುನೂವೆ ಕಣಮ್ಮ!" ಎಂದು ಗದರಿದ.